ಮೊದಲ ಸೆಕೆಂಡು

ಸಕವೇಂ ಊರು, ರಾತ್ರಿ ಹನ್ನೊಂದೂವರೆ.
ಹೊರಗೆ ತೇಜು ನದಿ ಇಳಿದು ಕೆಸರಿನ ವಾಸನೆ.
ಒಳಗೆ ಪಂಪುಗಳ ಒಂದೇ ಸಮನೆ ಗೊಣಗು.
ಇಪ್ಪತ್ತಾರು ವರ್ಷ ಕೇಳಿದ ಕಿವಿ ಇದು:
ಅದು ದನಿ ಬದಲಿಸಿದರೆ
ಮನೆಯಲ್ಲಿ ಮಲಗಿದ್ದರೂ ಎಚ್ಚರಾಗುತ್ತದೆ.

ಮಫಾಲ್ದಾ ತಂದಿದ್ದಾಳೆ ಕ್ವಾರ್ಟ್ಸ್ ಹರಳು,
ಕಿರುಬೆರಳ ಉಗುರಿನಷ್ಟು.
ಎಷ್ಟ್ರೇಲಾ ಬೆಟ್ಟದ್ದಂತೆ. ಬೇಕರಿ ಚೀಟಿಯಲ್ಲಿ ಸುತ್ತಿ
ಮೇಲೆ ಪೆನ್ಸಿಲಿನಲ್ಲಿ ನಂಬರು.
"ಇವತ್ತಾದರೂ ಸಿಗಬೇಕು, ದೋನಾ ಕ್ಲೋಟಿಲ್ದೆ."
ಸಿಗುತ್ತೆ ಬಿಡು ಅಂದೆ,
ಏನು ಅಂತ ಕೇಳಲಿಲ್ಲ.

ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಗೂಡು,
ಅದರ ಗಾಜಿಗೆ ಕಪ್ಪು ಬಟ್ಟೆ.
(ಹೊಲಿದವಳು ನಾನೇ. ನನ್ನ ಗಂಡನ
ಹಳೇ ಕೋಟಿನ ಒಳಪದರ.)
ಇಪ್ಪತ್ತು ಲಕ್ಷ ವೋಲ್ಟಿನ ನೂಕು ತಿಂದ ಪ್ರೋಟಾನುಗಳು
ಕೊಳವೆಯುದ್ದಕ್ಕೂ ಓಡಿಬಂದು
ತಡೆಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿವೆ.

ತೆಗೆದೆ.

ನೀಲಿ.
ಕಡಲಿನದ್ದಲ್ಲ, ಬಾನಿನದ್ದಲ್ಲ,
ಗ್ಯಾಸು ಮುಗಿಯುವ ಹೊತ್ತಿಗೆ
ಒಲೆಯ ಕಣ್ಣಲ್ಲಿ ತುಯ್ಯುವ ನೀಲಿ.
ಕತ್ತಲಲ್ಲಿ ಕೋಟಿ ವರ್ಷ ಕೂತ ಕಲ್ಲು
ಕರೆದ ಕೂಡಲೆ ಓಗೊಟ್ಟ ಹಾಗೆ.

ಅದೇ ಗಳಿಗೆಗೆ ಹುಡುಗಿ ಸೀನಿದಳು.

ತಲೆ ಎತ್ತುವಷ್ಟರಲ್ಲಿ ನೀಲಿ ತೆಳುವಾಗಿ
ಅಂಚಿನಿಂದ ಕೆಂಪು ಒಸರುತ್ತಿತ್ತು.
ಬಟನ್ ಒತ್ತಿರಲಿಲ್ಲ.
"ಇನ್ನೊಮ್ಮೆ?" ಎಂದಳು, ತಾನೇ ತಲೆ ಆಡಿಸಿದಳು.
ಗೊತ್ತವಳಿಗೆ. ಪೆಟ್ಟು ಬಿದ್ದಲ್ಲಿ ಅಣು ಜಾಗ ಬಿಟ್ಟಿದೆ,
ಕೆಂಪು ಆ ಖಾಲಿ ಜಾಗದ ಮಾತು,
ಮೊದಲಿನ ಕಲ್ಲಿನದ್ದಲ್ಲ.

ನಮ್ಮಜ್ಜಿ ಬೈಯುತ್ತಿದ್ದಳು:
ಚೆಂದದ ಕೂಸನ್ನು ಹಾಗೆ ನೆಟ್ಟು ನೋಡಬೇಡವೇ,
ಕಣ್ಣು ತಾಗುತ್ತೆ.
ತಟ್ಟೆಯ ನೀರಿಗೆ ಆಲಿವ್ ಎಣ್ಣೆ ಹನಿಸಿ
ಅದು ಹರಡಿದರೆ, ನೋಡು, ತಾಗಿದೆ ಅನ್ನುತ್ತಿದ್ದಳು.
ವೈರಿಂಗ್ ಕಲಿತ ಹುಡುಗಿ ನಾನು, ನಗುತ್ತಿದ್ದೆ.
ಈಗ ಸಂಬಳ ಕೊಟ್ಟು ಮಾಡಿಸುತ್ತಾರೆ ಅದನ್ನೇ,
ನೋಟವೇ ಏಟು.
ಏಟಿಲ್ಲದೆ ಬೆಳಕಿಲ್ಲ.
ಎಣ್ಣೆಯ ಬದಲು ಪರದೆಯ ಮೇಲೊಂದು ಗೆರೆ
ಇಳಿಯುತ್ತ ಇಳಿಯುತ್ತ ಹೋಗುತ್ತದೆ.

"ಒಂದು ಮಿಲಿಮೀಟರು ಪಕ್ಕಕ್ಕೆ ಸರಿಸು.
ಯಾರೂ ನೋಡದ ಜಾಗ ಇನ್ನೂ ಉಂಟು."

ತಿರುಪು ತಿರುಗಿಸಿದಳು, ಕೂದಲೆಳೆಯಷ್ಟು,
ಮತ್ತೆ ಕೂದಲೆಳೆಯಷ್ಟು.
ಬೆರಳು ಬಟನ್ನಿನ ಮೇಲೆ, ಉಸಿರು ಕಟ್ಟಿ.
"ಉಸಿರು ಬಿಡೇ, ಮತ್ತೆ ಸೀನು ಬಂದೀತು."

ಬಾಗಿಲು ತೆಗೆದು
ಈ ಸಲ ನಾನು ಆ ಕಡೆ ನೋಡಲಿಲ್ಲ.
ಇದರಿಂದ ಹರಳಿಗೇನೂ ಆಗದು, ಬಲ್ಲೆ.
ಆದರೂ ಒಂದು ಜೊತೆ ಕಣ್ಣು ಕಡಿಮೆ ಇರಲಿ ಅಂತ
ಒತ್ತಡದ ಮುಳ್ಳು ನೋಡುತ್ತ ನಿಂತೆ.

ಬೆನ್ನ ಹಿಂದೆ
ಮಫಾಲ್ದಾ "ಹೋ" ಅಂದದ್ದು ಕೇಳಿಸಿತು.