ತೋಲಾರ

ಉದ್ಯಮಬಾಗದಾಗ ಗುಜರಿ ಲಾರಿ ಬಂದ ದಿನ
ಕ್ರೇನಿನ ಅಯಸ್ಕಾಂತ ಎಲ್ಲಾ ಎತ್ತಿತು:
ಮುರಿದ ಗೇರು, ಬ್ರೇಕಿನ ಡ್ರಮ್ಮು,
ಯಾವ ಊರಿಂದೋ ಗಟಾರದ ಮುಚ್ಚಳ.
ಇದೊಂದನ್ನ ಎತ್ತಲಿಲ್ಲ.
ನೆಲದ ಮ್ಯಾಲೆ ಉಳೀತು, ಮಸಿಯೊಳಗ ಹಳದಿ ಬಿಲ್ಲೆ.
ಒಂದು ಕಡೆ ಎರಡು ಅಂತ ಅಂಕಿ.
ಇನ್ನೊಂದು ಕಡೆ ಅಂಬರಗುಬ್ಬಿ, ಬಾಲ ಕತ್ತರಿಯಂಗ ಸೀಳಿದ್ದು.
ರಾಜಾ ಇಲ್ಲ, ಸಿಂಹ ಇಲ್ಲ,
ಯಾರ ಮಾರೀನೂ ಇಲ್ಲ.

ಸಾತೇರಿ ಫೋನಿನಾಗ ಹುಡುಕಿ ಓದಿದ:
ಸ್ಲೊವೇನಿಯಾ. ಮಂದಿ ನಮ್ಮ ಜಿಲ್ಲಾದ ಅರ್ಧದಷ್ಟೂ ಇಲ್ಲ.
ರೊಕ್ಕದ ಹೆಸರು ತೋಲಾರ.
"ತೊಲಿ?" ಅಂದೆ, ಕೊರಳ ಮುಟ್ಟಿಕೊಂಡು.
(ನನ್ನ ಒಂದೂವರೆ ತೊಲಿ ಬ್ಯಾಂಕಿನಾಗ ಕೂತು ಎರಡು ವರ್ಷಾತು.)
"ತೊಲಿ ಅಲ್ಲವಾ, ತೋಲಾರ. ಹದಿನೈದು ವರ್ಷ ನಡದು ನಿಂತದ.
ಈಗ ಅಲ್ಲಿ ಯುರೋ."

ರವಿವಾರ ಖಡೇಬಜಾರಿಗೆ ಹೋದೆ.
ಹರಕ ನೋಟು ಬದಲಿ ಮಾಡೂ ದಸ್ತಗೀರಚಾಚಾ
ಕನ್ನಡಕ ಹಣೆಗೇರಿಸಿ, ಹಲ್ಲಿಗೆ ಕಚ್ಚಿ ನೋಡಿ ಅಂದ:
"ಬೇಟಿ, ಹರದಿದ್ದಕ್ಕ ನೂರಕ್ಕ ಎಪ್ಪತ್ತು ಕೊಡತೇನಿ.
ಇದು ಹರದಿಲ್ಲ, ಸತ್ತೈತಿ.
ಸತ್ತದ್ದಕ್ಕ ನನ್ನ ಹತ್ರ ರೇಟಿಲ್ಲ."
ಚಾ ಮಾತ್ರ ಕುಡಿಸಿದ.

ಇದಕ್ಕ ಅಲ್ಲಿ ಏನ ಬರ್ತಿತ್ತು?
ಒಂದು ಕಡ್ಡಿಪೆಟಿಗಿ? ಬ್ರೆಡ್ಡಿನ ಒಂದು ಹೋಳು?
ಯಾವಾಕಿಯೋ ಒಬ್ಬಾಕಿ ಚೀಲ ಝಾಡಿಸಿ
ಅಂಗಡಿಯವನ ಕೂಡ ಜಗಳಾಡಿದ್ದಳೇನೋ,
ಇದ ಒಂದು ಬಿಲ್ಲೆ ಕಮ್ಮಿ ಬಿದ್ದು.

ಸೋಮವಾರ ಎರಡನೇ ಪಾಳಿ.
ಕೋರ್ ಶಾಪಿನಾಗ ನನ್ನ ಕೆಲಸ ಅಂದ್ರ ಪೊಳ್ಳು ಮಾಡೂದು.
ಪಂಪಿನ ಹೊಟ್ಟಿಯೊಳಗ ಎಲ್ಲಿ ಕಬ್ಬಿಣ ಇರಬಾರದೋ
ಅಲ್ಲಿ ಉಸುಕು ನಿಂದರಸೂದು.
ಮುಕಾದಮ ಮುಗಳಿಹಾಳ ತಂಬಾಕ ತಿಕ್ಕಲಿಕ್ಕೆ ಹೊರಗ ಹೋದಾಗ
ಹಸಿ ಉಸುಕಿಗೆ ಬಿಲ್ಲೆ ಒತ್ತಿ
ಮೆಲ್ಲಕ ಎಬ್ಬಿಸಿದೆ.
ತಗ್ಗಿನೊಳಗ ಹಕ್ಕಿ.
ಒಲಿಗೆ ಹೋತು, ಗಟ್ಟಿ ಆತು, ಅಚ್ಚಿನೊಳಗ ಕೂತ್ತು,
ಕೆಂಪಗ ಕಾದ ಕಬ್ಬಿಣ
ಅದರ ರೆಕ್ಕಿ ಹುಡಿಕ್ಯಾಡಿ ತುಂಬಿತು.

ಆ ತಿಂಗಳು ಸಾವಿರದ ಮುನ್ನೂರು ಪಂಪು ಹೋದವು.
ಯಾವದೋ ಒಂದರ ಒಳಗ್ವಾಡಿಗೆ ಅದೈತಿ,
ಗ್ರೈಂಡರಿನವನ ಕೈ ಅಲ್ಲಿಗೆ ಮುಟ್ಟಂಗಿಲ್ಲ.
ಎಲ್ಲೋ ಯಾರೋ ಬಟನ್ ಒತ್ತತಾರ,
ನೀರು ಅದನ್ನ ಸವರಿಕೋತ ಮ್ಯಾಲೇರತೈತಿ.

ಬಿಲ್ಲೆ ಈಗ ನನ್ನ ಹೊಲಿಗಿ ಮಶೀನಿನ
ಕುಂಟ ಕಾಲಿನ ಕೆಳಗ.
ಎರಡು ಮ್ಯಾಲ,
ಹಕ್ಕಿ ನೆಲಕ್ಕ.