ಹಾಲಿನ ಬಿಳಿ

ಬಾಯಿ ಅಗಲಿಸಿ ಕೂತಿದ್ದೇನೆ ಗ್ಯುಮ್ರಿಯ ಹೊಸ ಆಸ್ಪತ್ರೆಯಲ್ಲಿ.
ತಾಗುಹಿ, ನನ್ನ ಮೊಮ್ಮಗಳ ವಯಸ್ಸಿನ ದಂತವೈದ್ಯೆ,
ದೀಪ ಆರಿಸಿ ನೇರಳೆ ಟಾರ್ಚು ಹಿಡಿದಳು.
ಕೈಗನ್ನಡಿಯೊಳಗೆ ಹಳದಿಯಾಗಿ ಹೊತ್ತಿಕೊಂಡವು
ನನ್ನ ಬೂದು ಹಲ್ಲು,
ದನದ ಕೊಟ್ಟಿಗೆಯ ಕತ್ತಲಲ್ಲಿ ಬೆಕ್ಕಿನ ಕಣ್ಣ ಹಾಗೆ.

"ಟೆಟ್ರಾಸೈಕ್ಲಿನ್," ಎಂದಳು.
"ಮರ ಕೊಯ್ದರೆ ಸುತ್ತು ಕಾಣುತ್ತದಲ್ಲ, ಹಾಗೆ.
ಈ ಪಟ್ಟೆ ಮೂರನೆಯ ವರ್ಷದ್ದು.
ಇದು, ಕೊಂಚ ಅಗಲ, ಐದರದ್ದು.
ಕೊಡಬಾರದಿತ್ತು ಅಷ್ಟು ಚಿಕ್ಕ ಮಗುವಿಗೆ."

ಕೊಡಬಾರದಿತ್ತು.
ಬಾಯಲ್ಲಿ ಹತ್ತಿ. ಉತ್ತರಿಸಲಿಲ್ಲ.

ಐದರ ಚಳಿಗಾಲ ನನಗೆ ಗೊತ್ತು.
ಕಿಟಕಿಯ ಅರ್ಧಕ್ಕೆ ಹಿಮ.
ಉಸಿರೆಳೆದರೆ ಎದೆಯೊಳಗೆ ತರಗೆಲೆ ಗುಡಿಸುವ ಸದ್ದು.
ಅಮ್ಮ ಅರುಸ್ಯಾಕ್ ಮದುವೆಯ ರತ್ನಗಂಬಳಿ ಸುತ್ತಿ
ಹೆಗಲಿಗೇರಿಸಿ ಹೋದವಳು
ಸಂಜೆ ಬಂದಾಗ ಹೆಗಲು ಬರಿದು,
ಮುಷ್ಟಿಯಲ್ಲಿ ಕಾಗದದ ಪೊಟ್ಟಣ:
ಇಪ್ಪತ್ತು ಹಳದಿ ಮಾತ್ರೆ.

ಆರು ಗಂಟೆಗೊಂದು ಎಂದಿದ್ದ ಕಂಪೌಂಡರ್.
ಮನೆಯಲ್ಲಿ ಗಡಿಯಾರವಿಲ್ಲ.
ಹುಂಜ, ಕಣಿವೆಯ ಕಾರ್ಖಾನೆಯ ಸೈರನ್ನು, ಹಾಲಿನ ಲಾರಿ,
ಮೂರು ಹೊತ್ತಿಗೆ ಇವಾದವು.
ನಡುರಾತ್ರಿಯದಕ್ಕೆ
ಅವಳೇ ಮಲಗದೆ ಗಡಿಯಾರವಾದಳು.
ಚಮಚದ ಬೆನ್ನಲ್ಲಿ ಅರೆದು, ಜರ್ದಾಳು ಮುರಬ್ಬದಲ್ಲಿ ಕಲಸಿ,
"ನುಂಗು, ಸಾತೆನಿಕ್, ನುಂಗೇ."
ಇವತ್ತಿಗೂ ಜರ್ದಾಳು ನನಗೆ ಕಹಿ.

ಶಾಲೆಯಲ್ಲಿ ತುಕ್ಕುಬಾಯಿ ಎಂದರು.
ಮದುವೆಯ ಫೋಟೋದಲ್ಲಿ ತುಟಿ ಬಿಗಿದು ನಿಂತಿದ್ದೇನೆ
ಜಗಳವಾಡಿ ಬಂದವಳಂತೆ;
ನನ್ನ ಗಂಡ ಬಹುಕಾಲ ಹಾಗೇ ನಂಬಿದ್ದ.
ನಗು ಬಂದರೆ ಕೈ ತಾನಾಗಿ ಬಾಯಿಗೆ ಏರುತ್ತದೆ.
ಅಮ್ಮ ಹೋದ ದಿನ ಅಳುವಾಗಲೂ ಏರಿತು.

"ಬೆಳ್ಳಗಾಗಿಸಬಹುದು," ಅನ್ನುತ್ತಾಳೆ ಹುಡುಗಿ,
"ಮೇಲೊಂದು ತೆಳು ಪದರ, ನಾಲ್ಕು ಸಲ ಬಂದರೆ ಸಾಕು,
ಬಣ್ಣ ಆರಿಸಿಕೊಳ್ಳಿ."
ಮಾದರಿ ಹಲ್ಲುಗಳ ಸರ ನನ್ನ ಗಲ್ಲಕ್ಕೆ ಹಿಡಿಯುತ್ತಾಳೆ:
ಪಿಂಗಾಣಿ, ಮುತ್ತು, ಹಾಲು.

ಹಾಲಿನ ಬಿಳಿ ನಮ್ಮ ಗೋಡೆಯ ಮೇಲೇ ಇದೆ.
ಅಣ್ಣ ಹ್ರಾಂತ್, ನಾಲ್ಕು ವರ್ಷ,
ಕುರಿಮರಿಯನ್ನು ಅವುಚಿಕೊಂಡು ಬಾಯ್ತುಂಬ ನಗುತ್ತಿದ್ದಾನೆ.
ಎಲ್ಲ ಹಾಲುಹಲ್ಲು, ಒಂದಕ್ಕೂ ಕಲೆಯಿಲ್ಲ.
ಅವನೆದೆಯಲ್ಲೂ ಅದೇ ತರಗೆಲೆ.
ಆ ಮಾತ್ರೆ ನಮ್ಮ ಬೆಟ್ಟ ಹತ್ತಿ ಬಂದದ್ದು
ಅವನನ್ನು ಮಣ್ಣು ಮಾಡಿ ಎರಡು ವರ್ಷಕ್ಕೆ.

ಹತ್ತಿ ಉಗಿದೆ. ಬಾಯಿ ಮುಕ್ಕಳಿಸಿದೆ.
"ಮುಂದಿನ ಸೋಮವಾರ ಬರೆದುಕೊಳ್ಳಲೆ?"
"ನೋಡೋಣ ಮಗಳೆ," ಎಂದೆ.
"ಈಗ ಆ ದೀಪ ಆರಿಸು.
ಟಾರ್ಚು ಇನ್ನೊಂದು ಸಲ ಹಿಡಿ."