ನೆರೆ

ಬೆಳಿಗ್ಗೆ ಕಾನೂನು, ಮಧ್ಯಾಹ್ನ ಜಗತ್ತು.
ನಡುವೆ ಒಂದು ಗಂಟೆ, ಬುತ್ತಿ ಬಿಚ್ಚಲು.
ಎರಡು ವಿಷಯ ಸೇರಿ ಒಂದೇ ಪದವಿ ಎಂದಾಗ
ಪಪ್ಪ ಕೇಳಿದ್ದರು: ಫೀಸೂ ಒಂದೇ ತಾನೆ?

ಶಾರ್ಜಾದ ರೋಲಾದಲ್ಲಿ ಪಪ್ಪನ ಟೈಪಿಂಗ್ ಅಂಗಡಿ,
ಶವರ್ಮಾದವನಿಗೂ ಫೋಟೋ ತೆಗೆಯುವವನಿಗೂ ನಡುವೆ.
ಇಪ್ಪತ್ತೆರಡು ವರ್ಷದಿಂದ ಬಲದಿಂದ ಎಡಕ್ಕೆ
ಬೇರೆಯವರ ಅರ್ಜಿ, ಬೇರೆಯವರ ಕರಾರು.
ಅದರ ಅರ್ಥ ಎಲ್ಲ ಗೊತ್ತಾ, ಚಿಕ್ಕಂದಿನಲ್ಲಿ ಕೇಳಿದ್ದೆ.
ಅರ್ಧ ನಮ್ಮ ಕಾರ್ಕಳ ಕೋರ್ಟಿನ ಮಾತೇ ಮಾರಾಯ್ತಿ,
ವಕೀಲ, ಹಾಜರು, ತಾರೀಕು, ಹಕ್ಕು.
ಯಾವ ಕಾಲದಲ್ಲೋ ಇವರ ಹತ್ತಿರ ಕಡ ತಂದದ್ದು,
ತೀರಿಸಲಿಕ್ಕೆ ನಾನು ಬಂದೆ.

ಮೊದಲ ವರ್ಷ, ಎರಡನೆಯ ವಾರ.
ಡಾಕ್ಟರ್ ಮುತಸಿಮ್ ಮೇಜಿನ ಮೇಲೊಂದು ಕಂದು ಸೀಸೆ ಇಟ್ಟರು.
ಸ್ಕಾಟ್ಲೆಂಡ್. ಶುಂಠಿಯ ಪಾನೀಯ. ತಳದಲ್ಲಿ ಕೊಳೆತ ಬಸವನಹುಳು.
ಕುಡಿದವಳು ತಯಾರಿಸಿದವನ ಮುಖ ಕಂಡವಳಲ್ಲ,
ಕಾಸು ಕೊಟ್ಟವಳೂ ಅವಳಲ್ಲ, ಗೆಳತಿ.
ಆದರೂ ಅವಳು ಅವನಿಗೆ ನೆರೆಯವಳು, ಎಂದಿತು ಕಾನೂನು.
ಹಾಗಾದರೆ ಹೇಳಿ, ನಿಮ್ಮ ನೆರೆಯವರು ಯಾರು?

ನಮ್ಮ ಮಾಳಿಗೆಯಲ್ಲಿ ಎಂಟು ಬಾಗಿಲು. ಮನಸ್ಸಿನಲ್ಲೇ ಎಣಿಸಿದೆ.
ಹೆಸರು ಗೊತ್ತಿದ್ದದ್ದು ಒಂದರದು.
ನನ್ನಜ್ಜಿಯ ಊರು ಈಗ ಭೂಪಟದಲ್ಲೇ ಇಲ್ಲ,
ನೆರೆಯನ್ನು ಎಲ್ಲಿಂದ ತರಲಿ, ಎಂದಳು ರೂಲಾ.
ಅದು ಮಧ್ಯಾಹ್ನದ ಪ್ರಶ್ನೆ, ಎಂದರು ಸರ್,
ನಗದೆ.

ಏಪ್ರಿಲಿನಲ್ಲಿ ಮಳೆ. ಒಂದೇ ದಿನ, ಎರಡು ವರ್ಷದ್ದು.
ಬೀದಿ ಬಟ್ಟಲಾಯಿತು, ಕಾರುಗಳು ತೇಲಿದವು ಖರ್ಜೂರದ ಹಾಗೆ.
ಪಪ್ಪ ಕಿಟಕಿಯಲ್ಲಿ ನಿಂತು ಕೂಗಿದರು: ನೆರೆ ಬಂತು!
ಮರಳಿನ ಊರಲ್ಲಿ ಹುಟ್ಟಿದವಳು ನಾನು,
ತಿರುಗಿ ಬಾಗಿಲ ಕಡೆ ನೋಡಿದೆ,
ಯಾರು ಬಂದರು ಎಂದು.

ಲಿಫ್ಟ್ ನಿಂತಿತು, ಕರೆಂಟ್ ಹೋಯಿತು,
ಎಂಟು ಬಾಗಿಲೂ ತೆರೆದವು ಗಾಳಿಗೆ.
ಮೆಟ್ಟಿಲ ತುಂಬ ನೆರೆದರು ಜನ,
ಯಾರದೋ ಖುಬ್ಬೂಸ್, ಯಾರದೋ ಹಾಲಿನ ಪುಡಿ,
ಅಮ್ಮನ ಕುಚ್ಚಲಕ್ಕಿ ಗಂಜಿಗೆ ಸಿರಿಯಾದ ಮುದುಕ ನಿಂಬೆ ಹಿಂಡಿದ.

ಸೊಂಟದ ನೀರಿನಿಂದ ಮೇಲೆ ಬಂದ ಕಾವಲುಗಾರ ಮಫೀಜುಲ್,
ತಲೆಯ ಮೇಲೆ ಪ್ಲಾಸ್ಟಿಕ್ ಚೀಲ.
ನಮ್ಮ ಬರಿಸಾಲಿನಲ್ಲಿ ಇದಕ್ಕೆ ಹೆಸರೇ ಇಡುವುದಿಲ್ಲ, ಎಂದು ನಕ್ಕ.
ಚೀಲದೊಳಗಿನ ಕಾಗದ ಮಾತ್ರ ಮುದ್ದೆ.
ಇಸ್ತ್ರಿಯ ಹಲಗೆಯ ಮೇಲೆ ಒಂದೊಂದಾಗಿ ಹರಡಿದೆ,
ಹಾಗೆ ಓದಿದೆ, ಪಠ್ಯದಲ್ಲಿಲ್ಲದ ನನ್ನ ಮೊದಲ ಕರಾರು.
ಬಲಕ್ಕೆ ಅರಬ್ಬಿ, ಎಡಕ್ಕೆ ಇಂಗ್ಲಿಷ್,
ಎರಡೂ ಅವನಿಗೆ ಬಾರವು. ಹೆಬ್ಬೆಟ್ಟು ಮಾತ್ರ ಅವನದು.
ಸಂಬಳ ಎಂಟುನೂರು. ವಾರದ ರಜೆ ಶುಕ್ರವಾರ.

ಶುಕ್ರವಾರ ರಜೆಯಾ? ಎಂದ ಮಫೀಜುಲ್.

ಆರು ವರ್ಷ ಶುಕ್ರವಾರವೇ
ಇಡೀ ಕಟ್ಟಡದ ಕಾರು ತೊಳೆದವನು.

ಕೆಳಮೂಲೆಯಲ್ಲಿ ನೀರಿಗೂ ಅಳಿಯದ ನೀಲಿ ಮೊಹರು:
ರೋಲಾ, ಶವರ್ಮಾದ ಪಕ್ಕ.

ಪಪ್ಪ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಲಿಲ್ಲ.
ದುಡ್ಡು ಕೊಡುವುದು ಟೈಪಿಗೆ ಮಾರಾಯ್ತಿ,
ಓದಿ ಹೇಳಲಿಕ್ಕೆ ಯಾರೂ ಕೇಳಲಿಲ್ಲ.
ಕನ್ನಡದಲ್ಲೇ ಅಂದರು,
ಮಫೀಜುಲನಿಗೆ ತಿಳಿಯದಿರಲಿ ಎಂದು.
ಅವನು ಗಂಜಿಯ ಬಟ್ಟಲು ನೋಡುತ್ತಿದ್ದ.

ಮೇ ತಿಂಗಳ ಪರೀಕ್ಷೆ, ಮೂರನೆಯ ಪ್ರಶ್ನೆ:
ನೆರೆಯವರು ಯಾರು, ಚರ್ಚಿಸಿ.
ಸೀಸೆಯ ಬಗ್ಗೆ ಬರೆದೆ. ಹುಳುವಿನ ಬಗ್ಗೆ ಬರೆದೆ.
ಮೊಹರಿನ ಬಗ್ಗೆ ಬರೆಯಲಿಲ್ಲ.
ಎಪ್ಪತ್ತೊಂದು ಬಂತು. ಅಮ್ಮ ಪಾಯಸ ಮಾಡಿದಳು.

ಈಗ ಅಂಗಡಿಯಲ್ಲಿ ಪಪ್ಪ ಟೈಪಿಸಿದ್ದನ್ನು
ಮುರುಕು ಹಿಂದಿಯಲ್ಲಿ ಓದಿ ಹೇಳುತ್ತಾರಂತೆ, ನಿಧಾನವಾಗಿ.
ಸಾಲಿನಲ್ಲಿ ನಿಂತವರು ರೇಗುತ್ತಾರಂತೆ.

ಇವತ್ತು ಶುಕ್ರವಾರ. ಕ್ಲಾಸಿಲ್ಲ.
ಐದು ಗಂಟೆಗೇ ಕೆಳಗೆ ಬಕೆಟಿನ ಸದ್ದು.
ಕೇಳಿದರೆ ಕೆಲಸ ಹೋಗುತ್ತದೆ ಮೇಡಂ, ಅಂದಿದ್ದಾನೆ.
ಇದು ಬೆಳಗಿನ ಪ್ರಶ್ನೆಯೋ ಮಧ್ಯಾಹ್ನದ್ದೋ
ಗೊತ್ತಾಗದೆ, ಕತ್ತಲಲ್ಲಿ ಕಾಲಾಡಿಸುತ್ತ
ಚಪ್ಪಲಿ ಹುಡುಕುತ್ತಿದ್ದೇನೆ.